ಠಾಣೆಯ ಹಿಂದಿನ ಮನೆ

ಸಂಕ್ರಾಂತಿಯ ಹೊತ್ತಿಗೆ ನೀವು ಸೊಲ್ಲಾಪುರಕ್ಕೆ ಹೋಗಿದ್ದೀರಾ? ಸಿದ್ಧರಾಮೇಶ್ವರನ ಗಡ್ಡಾ ಯಾತ್ರೆ ಆಗ ನಡೆಯುತ್ತದೆ. ಏಳು ನಂದಿಧ್ವಜಗಳು ಊರ ಬೀದಿಗಳಲ್ಲಿ ಬರುತ್ತವೆ, ಅಕ್ಷತೆ ಬೀಳುತ್ತದೆ, ಜನ ಹೊಸ ಬಟ್ಟೆ ತೊಟ್ಟು ಎಳ್ಳುಬೆಲ್ಲ ಹಂಚುತ್ತಾರೆ. ಆ ಜನಸಾಗರದ ಅಂಚಿನಲ್ಲಿ ಹಗ್ಗ ಹಿಡಿದು ನಿಂತ ಪೊಲೀಸ ಶಿಪಾಯಿಯನ್ನು ನಾವೆಲ್ಲ ನೋಡಿದ್ದೇವೆ. ಅವನ ಮನೆಯಲ್ಲಿ ಅವತ್ತು ಎಳ್ಳುಬೆಲ್ಲ ಕೊಟ್ಟವರು ಯಾರು, ಮಕ್ಕಳನ್ನು ಜಾತ್ರೆಗೆ ಕರೆತಂದವರು ಯಾರು ಎಂದು ಕೇಳಿದವರು ಕಡಿಮೆ. ಅದೇ ಜಿಲ್ಲೆಯ ಪಂಢರಪುರದಲ್ಲಿ ಆಷಾಢ ಏಕಾದಶಿ ಬಂತೆಂದರೆ ಬೇರೆ ಜಿಲ್ಲೆಗಳಿಂದಲೂ ಪೊಲೀಸರನ್ನು ಬಂದೋಬಸ್ತಿಗೆ ತರಿಸುತ್ತಾರೆ. ನಮ್ಮ ಹಬ್ಬದ ದಿನವೇ ಅವರ ಮನೆಯ ಒಂಟಿ ದಿನ.

ಇತಿಹಾಸದ ಪುಸ್ತಕಗಳಲ್ಲಿ ಪೊಲೀಸರು ಬರುವುದು ಲಾಠಿ ಬೀಸುವಾಗ, ಗುಂಡು ಹಾರಿಸುವಾಗ. ಠಾಣೆಯ ಹಿಂದಿನ ಸಾಲುಮನೆಗಳಿಗೂ ಒಂದು ಇತಿಹಾಸ ಉಂಟು. ಅದನ್ನು ಹೇಳಲು ಗಡಿಯ ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಕಾಸರಗೋಡಿನವರು ಕೇರಳದ ಪೊಲೀಸು, ತಾಳವಾಡಿ ಹೊಸೂರಿನವರು ತಮಿಳುನಾಡಿನ ಪೊಲೀಸು, ಅಕ್ಕಲಕೋಟೆ ಜತ್ತದವರು ಮಹಾರಾಷ್ಟ್ರದ ಪೊಲೀಸು, ಆದವಾನಿ ರಾಯದುರ್ಗದವರು ಆಂಧ್ರದ ಪೊಲೀಸು. ಒಂದೇ ಭಾಷೆಯ ಜನ ಇಷ್ಟು ರಾಜ್ಯಗಳ ಖಾಕಿಯನ್ನು ತೊಟ್ಟಿದ್ದಾರೆ. ಒಂದು ಸೀಮೆಯಲ್ಲಿ ಫೌಜದಾರ ಎಂದರೆ ಇನ್ನೊಂದು ಸೀಮೆಯಲ್ಲಿ ಎಸ್ಸೈ. ಆದರೆ ಸಾಲುಮನೆಯ ಹೆಂಗಸರ ಮಾತು ಎಲ್ಲ ಕಡೆಯೂ ಒಂದೇ: "ಯಾವಾಗ ಬರ್ತಾರೋ, ಹೇಳೋಕಾಗಲ್ಲ."

ಈ "ಹೇಳೋಕಾಗಲ್ಲ" ಎಂಬುದು ಎಲ್ಲಿಂದ ಬಂತು? ಸ್ವಲ್ಪ ದೂರ, ಐರ್ಲೆಂಡಿನವರೆಗೆ ಹೋಗಬೇಕು.

ಇಂಗ್ಲಿಷರು ತಮ್ಮ ಊರಾದ ಲಂಡನ್ನಿಗೆ ಒಂದು ಬಗೆಯ ಪೊಲೀಸನ್ನು ಕಟ್ಟಿದರು, ಆಳಬೇಕಾದ ಐರ್ಲೆಂಡಿಗೆ ಇನ್ನೊಂದು ಬಗೆಯದನ್ನು. ಐರಿಷ್ ಪೊಲೀಸರು ಬಂದೂಕು ಹಿಡಿದವರು, ಬ್ಯಾರಕ್ಕಿನಲ್ಲಿ ಇರತಕ್ಕವರು. ಅವರಿಗೆ ತಮ್ಮ ಹುಟ್ಟಿದ ಜಿಲ್ಲೆಯಲ್ಲೂ ಹೆಂಡತಿಯ ತವರು ಜಿಲ್ಲೆಯಲ್ಲೂ ಕೆಲಸ ಕೊಡುತ್ತಿರಲಿಲ್ಲ. ಏಳು ವರ್ಷ ಸೇವೆ ಮುಗಿಸದೆ ಮದುವೆಗೆ ಅಪ್ಪಣೆಯೂ ಇರಲಿಲ್ಲ. ನೆಂಟರಿಷ್ಟರು ಹತ್ತಿರವಿದ್ದರೆ ಲಾಠಿ ಸಡಿಲವಾದೀತು ಎಂಬ ಲೆಕ್ಕ. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಈ ಮಾದರಿಯನ್ನು ಅಲ್ಲಿಗೆ ತಂದ. ಅಲ್ಲಿಂದ ಅದು ಮುಂಬಯಿ ಇಲಾಖೆಯ ಕಣ್ಣಿಗೆ ಬಿತ್ತು. ಮದ್ರಾಸಿನಲ್ಲಿ 1859ರಲ್ಲಿ ಪ್ರತ್ಯೇಕ ಪೊಲೀಸ್ ಕಾನೂನಾಗಿ, ವಿಲಿಯಂ ರಾಬಿನ್ಸನ್ ಅದರ ಮೊದಲ ಮುಖ್ಯಾಧಿಕಾರಿಯಾದ. ಆಗ ಕಾಸರಗೋಡು ದಕ್ಷಿಣ ಕನ್ನಡದ ಭಾಗ, ಆದವಾನಿ ಮತ್ತು ರಾಯದುರ್ಗ ಬಳ್ಳಾರಿಯ ಭಾಗ, ಎಲ್ಲವೂ ಮದ್ರಾಸಿಗೆ ಸೇರಿದ್ದವು. ಹೀಗಾಗಿ ನಮ್ಮ ಗಡಿ ಸೀಮೆಯ ಬಹುಪಾಲು ಊರುಗಳಿಗೆ ಈ ವ್ಯವಸ್ಥೆ ಬಂದು ಒಂದೂವರೆ ಶತಮಾನದ ಮೇಲಾಯಿತು.

1861ರ ಅಖಿಲ ಭಾರತ ಪೊಲೀಸ್ ಕಾಯಿದೆಯ 22ನೇ ಕಲಮನ್ನು ನೀವು ಒಮ್ಮೆ ನೆನಪಿನಲ್ಲಿಟ್ಟುಕೊಳ್ಳಬೇಕು. ಪೊಲೀಸನಾದವನು ಸದಾಕಾಲ ಕರ್ತವ್ಯದ ಮೇಲೆ ಇದ್ದಾನೆಂದೇ ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಸ್ವಾತಂತ್ರ್ಯ ಬಂದ ಮೇಲೆ, 1951ರ ಮುಂಬಯಿ ಪೊಲೀಸ್ ಕಾಯಿದೆಯ 28ನೇ ಕಲಮಿನಲ್ಲೂ ಇದೇ ಮಾತು ಬಂತು. ಸೊಲ್ಲಾಪುರದ ಶಿಪಾಯಿಗೆ ಅನ್ವಯವಾಗುವುದು ಅದೇ. ಊಟಕ್ಕೆ ಕೂತಾಗಲೂ ನಿದ್ದೆ ಮಾಡುವಾಗಲೂ ಕಾನೂನಿನ ಲೆಕ್ಕದಲ್ಲಿ ಅವನು ಕೆಲಸದ ಮೇಲಿದ್ದಾನೆ. ಇಪ್ಪತ್ನಾಲ್ಕು ಗಂಟೆಯೂ ಕೆಲಸವಾದ ಮೇಲೆ ಹೆಚ್ಚುವರಿ ಗಂಟೆ ಎಂಬುದಕ್ಕೆ ಅರ್ಥವೇ ಇಲ್ಲ. ತುರ್ತು ಬಂದರೆ ಓಡಿಬರಲಿ ಎಂಬ ಉದ್ದೇಶದಿಂದ ಬರೆದ ಮಾತು ದಿನನಿತ್ಯದ ವೇಳಾಪಟ್ಟಿಯಾಗಿ ಹೋಯಿತೆಂದು ನನಗೆ ಅನ್ನಿಸುತ್ತದೆ.

ಪೊಲೀಸ್ ಲೈನುಗಳು ಹುಟ್ಟಿದ್ದೂ ಈ ಓಡಿಬರುವ ಲೆಕ್ಕದಿಂದಲೇ. ಸೀಟಿ ಊದಿದರೆ ಹತ್ತು ನಿಮಿಷದಲ್ಲಿ ಜನ ಸೇರಬೇಕು, ಅದಕ್ಕೆ ಎಲ್ಲರೂ ಒಂದೇ ಕಡೆ ಇರಬೇಕು. ಹೆಂಡತಿ ಮಕ್ಕಳು ಆ ಲೆಕ್ಕದಲ್ಲಿ ಆಮೇಲೆ ಬಂದು ಸೇರಿದವರು. ಆದ್ದರಿಂದಲೇ ಹಳೆಯ ಲೈನುಗಳಲ್ಲಿ ಸಂಸಾರಕ್ಕೆ ಬೇಕಾದ ಜಾಗವಿಲ್ಲ. ಮುಂಬಯಿಯ ಬಿ.ಡಿ.ಡಿ. ಚಾಳುಗಳನ್ನು ನೋಡಿ. 1920ರ ದಶಕದಲ್ಲಿ ಕಟ್ಟಿದವು. ವರಳಿ, ನಾಯಗಾಂವ ಮುಂತಾದ ಕಡೆ ಒಟ್ಟು 207 ಕಟ್ಟಡಗಳು. ಒಂದೊಂದು ಖೋಲಿ 160 ಚದರ ಅಡಿ, ಪಾಯಖಾನೆ ಎಲ್ಲರಿಗೂ ಸೇರಿ ಹೊರಗೆ. ಗಿರಣಿ ಕೆಲಸಗಾರರ ಜೊತೆಗೆ ತಲೆಮಾರುಗಟ್ಟಲೆ ಪೊಲೀಸ್ ಸಂಸಾರಗಳೂ ಅಲ್ಲಿ ಬದುಕಿದವು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಹಗಲು ಮಲಗಬೇಕು. ಒಂದೇ ಕೋಣೆ. ಮಕ್ಕಳನ್ನು ಹೊರಗೆ ಕಳಿಸಬೇಕು, ಒಲೆಯ ಸದ್ದಾಗಬಾರದು, ಬಂದ ನೆಂಟರು ಹೊಸ್ತಿಲಲ್ಲೇ ಪಿಸುಮಾತಾಡಬೇಕು. ಇಂಥ ಮನೆಯಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಓದಿದವರನ್ನು ನೀವು ಎಂದಾದರೂ ಮಾತನಾಡಿಸಿ ನೋಡಿ. ಅವರು ಓದಿದ್ದು ಬೀದಿ ದೀಪದ ಕೆಳಗಾಗಿರಬಹುದು, ಠಾಣೆಯ ಜಗುಲಿಯ ಮೇಲಾಗಿರಬಹುದು.

ಸಂಬಳದ ಮಾತನ್ನು ಬೇಗ ಮುಗಿಸುತ್ತೇನೆ. 1902-03ರಲ್ಲಿ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ ಆಯೋಗ ದೇಶದ ಪೊಲೀಸ್ ವ್ಯವಸ್ಥೆಯನ್ನು ಪರಿಶೀಲಿಸಿತು. ಶಿಪಾಯಿಗೆ ತಿಂಗಳಿಗೆ ಎಂಟು ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಸಲಹೆ ಮಾಡಿತು. ಹಾಗೆ ಸಲಹೆ ಮಾಡಬೇಕಾಯಿತೆಂದರೆ ಅದಕ್ಕೂ ಕಡಿಮೆ ಇತ್ತೆಂದೇ ಅರ್ಥವಲ್ಲವೇ? ಮನೆ ನಡೆಸಲಾಗದ ಸಂಬಳ ಕೊಟ್ಟು ಲಂಚ ಮುಟ್ಟಬೇಡ ಎನ್ನುವುದರ ಕಷ್ಟ ಆಗಿನ ಸರಕಾರಕ್ಕೂ ಗೊತ್ತಿತ್ತು.

ಸ್ವಾತಂತ್ರ್ಯದ ನಂತರ ಪೊಲೀಸರೇ ಬಾಯಿ ತೆರೆದರು. 1967ರಲ್ಲಿ ದಿಲ್ಲಿಯ ಪೊಲೀಸರು ಚಳುವಳಿ ಮಾಡಿದರು. ಅದಕ್ಕೆ ಒಂದು ವರ್ಷ ಮುಂಚೆಯೇ, 1966ರಲ್ಲಿ, ಪೊಲೀಸರ ಸಂಘ ಕಟ್ಟುವ ಹಕ್ಕಿಗೆ ಮಿತಿ ಹಾಕುವ ಕೇಂದ್ರ ಕಾಯಿದೆ ಬಂದಿತ್ತು. 1973ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ದಳ ದಂಗೆಯೆದ್ದಿತು, ಸೈನ್ಯ ಬರಬೇಕಾಯಿತು. 1977ರ ನವೆಂಬರಿನಲ್ಲಿ ಜನತಾ ಸರಕಾರ ರಾಷ್ಟ್ರೀಯ ಪೊಲೀಸ್ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರು ಧರ್ಮವೀರ. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. 1969ರಿಂದ 1972ರವರೆಗೆ ಆಗಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ಅವರೇ.

ಈ ಆಯೋಗ 1981ರವರೆಗೆ ಎಂಟು ವರದಿಗಳನ್ನು ಕೊಟ್ಟಿತು. ತನಿಖೆ, ರಾಜಕೀಯ ಹಸ್ತಕ್ಷೇಪ, ಹೊಸ ಕಾನೂನಿನ ಕರಡು ಮುಂತಾದ ದೊಡ್ಡ ವಿಷಯಗಳೆಲ್ಲ ಅವುಗಳಲ್ಲಿ ಬಂದವು. ನನಗೆ ಮೆಚ್ಚುಗೆಯಾದದ್ದು ಬೇರೆ. 1979ರ ಫೆಬ್ರವರಿಯಲ್ಲಿ ಕೊಟ್ಟ ಮೊದಲನೆಯ ವರದಿಯಲ್ಲೇ ಅವರು ಶಿಪಾಯಿಯ ಬದುಕನ್ನು ಎತ್ತಿಕೊಂಡರು. ಅವನು ದಿನಕ್ಕೆ ಹತ್ತರಿಂದ ಹದಿನಾರು ಗಂಟೆ, ವಾರದ ಏಳೂ ದಿನ ದುಡಿಯುತ್ತಾನೆಂದು ದಾಖಲಿಸಿದರು. ಕೆಳ ದರ್ಜೆಯವರಿಗೆ ಸಂಸಾರ ಸಮೇತ ಇರಬಹುದಾದ ಬಾಡಿಗೆಯಿಲ್ಲದ ಮನೆ ಬೇಕೆಂದರು. ಸಾಹೇಬರ ಮನೆಯ ಚಾಕರಿಗೆ ಶಿಪಾಯಿಯನ್ನು ಹಚ್ಚುವ ಆರ್ಡರ್ಲಿ ಪದ್ಧತಿಯನ್ನು ತೆಗೆಯಿರಿ ಎಂದರು. ಸಾಹೇಬರ ಮಕ್ಕಳನ್ನು ಶಾಲೆಗೆ ಬಿಡುವ ಶಿಪಾಯಿಗೆ ತನ್ನ ಮಗುವಿನ ಶಾಲೆಯ ಬಾಗಿಲು ನೋಡಲು ಬಿಡುವಿಲ್ಲದಿರುವುದು ಆ ಪದ್ಧತಿಯ ವಿಚಿತ್ರ. ತಮಿಳುನಾಡು ಸರಕಾರ ಅದೇ 1979ರಲ್ಲಿ ಆರ್ಡರ್ಲಿ ಪದ್ಧತಿಯನ್ನು ರದ್ದು ಮಾಡಿ ಆಜ್ಞೆ ಹೊರಡಿಸಿತು. ಆಜ್ಞೆ ಕಾಗದದಲ್ಲಿ ಉಳಿಯಿತು. 2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ, ನಲವತ್ತಮೂರು ವರ್ಷಗಳ ಹಿಂದಿನ ಆ ಆಜ್ಞೆಯನ್ನು ಜಾರಿಗೆ ತನ್ನಿ ಎಂದು ಸರಕಾರಕ್ಕೆ ಗಟ್ಟಿಯಾಗಿ ಹೇಳಬೇಕಾಯಿತು.

ಮೊದಲ ವರದಿ ಕೊಟ್ಟು ಮೂರು ತಿಂಗಳ ಆಚೀಚೆ, 1979ರ ಮೇ ತಿಂಗಳಲ್ಲಿ, ಪಂಜಾಬಿನಲ್ಲಿ ಪೊಲೀಸ್ ಚಳುವಳಿ ಶುರುವಾಗಿ ಹಲವು ರಾಜ್ಯಗಳಿಗೆ ಹಬ್ಬಿತು. 1982ರ ಆಗಸ್ಟ್ 18ರಂದು ಮುಂಬಯಿ ಪೊಲೀಸರು ಕೆಲಸ ನಿಲ್ಲಿಸಿದಾಗ ನಗರದಲ್ಲಿ ಗಲಭೆಯಾಯಿತು, ಸೈನ್ಯ ಇಳಿಯಿತು, ಅವರ ಸಂಘದ ಮಾನ್ಯತೆ ಹೋಯಿತು. ಚಾಳಿನ ಅದೇ ಖೋಲಿಗಳಲ್ಲಿ ಅಂದು ರಾತ್ರಿ ಒಲೆ ಹೇಗೆ ಉರಿಯಿತೆಂದು ಬರೆದಿಟ್ಟವರಿಲ್ಲ.

ಸರಕಾರಗಳು ಸುಮ್ಮನೆ ಕೂತಿದ್ದವೆಂದು ಹೇಳುವುದು ಸರಿಯಾಗದು. ಮನೆ ಕಟ್ಟುವುದಕ್ಕೇ ಬೇರೆ ನಿಗಮಗಳನ್ನು ಮಾಡಿದರು. ಆಂಧ್ರ ಪ್ರದೇಶದಲ್ಲಿ 1971, ಮಹಾರಾಷ್ಟ್ರದಲ್ಲಿ 1974, ತಮಿಳುನಾಡಿನಲ್ಲಿ 1981, ಕರ್ನಾಟಕದಲ್ಲಿ 1985, ಕೇರಳದಲ್ಲಿ 1990. ಮಹಾರಾಷ್ಟ್ರದ ನಿಗಮದ ಹೆಸರಿನಲ್ಲೇ ಗೃಹನಿರ್ಮಾಣದ ಜೊತೆ "ಕಲ್ಯಾಣ" ಎಂಬ ಮಾತೂ ಇದೆ. ಕರ್ನಾಟಕದಲ್ಲಿ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನಾಚರಣೆ. 1963ರ ಕರ್ನಾಟಕ ಪೊಲೀಸ್ ಕಾಯಿದೆ 1965ರ ಆ ದಿನ ಜಾರಿಗೆ ಬಂದ ನೆನಪಿಗೆ ಅದು ನಡೆಯುತ್ತದೆ. ಅಂದು ಮಾರುವ ಪುಟ್ಟ ಬಾವುಟದ ಹಣ ಪೊಲೀಸ್ ಕಲ್ಯಾಣ ನಿಧಿಗೆ ಹೋಗುತ್ತದೆ. 2006ರಲ್ಲಿ ಕೇಂದ್ರ ಗೃಹ ಇಲಾಖೆ ಸೈನಿಕರ ಕ್ಯಾಂಟೀನಿನ ಮಾದರಿಯಲ್ಲಿ ಪೊಲೀಸ್ ಕ್ಯಾಂಟೀನ್ ಆರಂಭಿಸಿತು. ಬಿ.ಡಿ.ಡಿ. ಚಾಳುಗಳ ಪುನರ್ನಿರ್ಮಾಣವೂ ಆಗುತ್ತಿದ್ದು, 2025ರ ಆಗಸ್ಟಿನಲ್ಲಿ ವರಳಿಯ ಮೊದಲ ಕೆಲವು ಸಂಸಾರಗಳಿಗೆ 500 ಚದರ ಅಡಿಯ ಹೊಸ ಮನೆಗಳ ಕೀಲಿಕೈ ಸಿಕ್ಕಿತು.

ಮನೆ, ಸಕ್ಕರೆ, ಸಾಬೂನು ಇವನ್ನು ಎಣಿಸಬಹುದು, ಉದ್ಘಾಟನೆ ಮಾಡಬಹುದು. ಸಂಸಾರಕ್ಕೆ ಬೇಕಾದ ಇನ್ನೊಂದು ವಸ್ತು ಹೊತ್ತು. ಅದನ್ನು ಕೊಡಲು ಜನ ಬೇಕು. ಸರಳ ಗಣಿತ ನೋಡಿ. ಠಾಣೆ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು. ಎರಡು ಪಾಳಿಯಾದರೆ ತಲಾ ಹನ್ನೆರಡು ಗಂಟೆ, ಮೂರು ಪಾಳಿಯಾದರೆ ಎಂಟು. ಮೂರನೇ ಪಾಳಿಗೆ ಮಂದಿ ಎಲ್ಲಿಂದ ತರುವುದು? ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜು ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೋಗಾಗಿ ಇದನ್ನೇ ಲೆಕ್ಕ ಹಾಕಿ 2014ರಲ್ಲಿ ವರದಿ ಕೊಟ್ಟಿತು. ಠಾಣೆಗಳ ಸಿಬ್ಬಂದಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. ತಿಂಗಳಿಗೊಮ್ಮೆಯೂ ವಾರದ ರಜೆ ಸಿಗುವುದಿಲ್ಲವೆಂದು ನೂರಕ್ಕೆ 73ಕ್ಕೂ ಹೆಚ್ಚು ಮಂದಿ ಹೇಳಿದರು. 2019ರ ಇನ್ನೊಂದು ಸಮೀಕ್ಷೆಯಲ್ಲಿ ಪೊಲೀಸರ ಸರಾಸರಿ ಕೆಲಸದ ದಿನ 14 ಗಂಟೆ ಎಂದು ಬಂತು. ಧರ್ಮವೀರರ ಹತ್ತರಿಂದ ಹದಿನಾರು ಗಂಟೆಯ ಮಾತು ನಲವತ್ತು ವರ್ಷಗಳಾದರೂ ಹಳತಾಗಿರಲಿಲ್ಲ.

ಇಲ್ಲೊಂದು ಸಂತೋಷದ ಸಂಗತಿ ಹೇಳಬೇಕು. ಮುಂಬಯಿಯ ದೇವನಾರ ಠಾಣೆಯ ಒಬ್ಬ ಶಿಪಾಯಿ, ಇರುವ ಮಂದಿಯಲ್ಲೇ ಎಂಟು ಗಂಟೆಯ ಪಾಳಿ ನಡೆಸುವ ಪಟ್ಟಿಯನ್ನು ತಾನೇ ಕೂತು ತಯಾರಿಸಿದ. ಆಗಿನ ಕಮಿಷನರ್ ದತ್ತಾ ಪಡಸಲಗೀಕರ ಅವರು ಅದನ್ನು ತಳ್ಳಿಹಾಕದೆ, 2016ರ ಮೇ ತಿಂಗಳಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ಮಾಡಿಸಿದರು. 2018ರ ಜನವರಿಯಲ್ಲಿ ಅದನ್ನು ಇಡೀ ಮುಂಬಯಿಗೆ ವಿಸ್ತರಿಸಿದರು. ಎಂಟು ಗಂಟೆ ಕೆಲಸ, ಹದಿನಾರು ಗಂಟೆ ಬಿಡುವು. ದೊಡ್ಡ ಬಂದೋಬಸ್ತಿನ ದಿನ ಪಟ್ಟಿ ಮುರಿಯುತ್ತಿತ್ತು, ಎಲ್ಲ ಠಾಣೆಗೂ ಅದು ಒಂದೇ ರೀತಿ ಒಗ್ಗಲೂ ಇಲ್ಲ. ಆದರೂ ಒಂದೂವರೆ ಶತಮಾನ ಆಗದೆಂದು ಹೇಳುತ್ತ ಬಂದದ್ದನ್ನು ಒಬ್ಬ ಶಿಪಾಯಿ ಕಾಗದ ಪೆನ್ಸಿಲು ಹಿಡಿದು ಆದೀತೆಂದು ತೋರಿಸಿದ. 2021ರಲ್ಲಿ ಮಹಾರಾಷ್ಟ್ರದ ಪೊಲೀಸ್ ಮಹಾನಿರ್ದೇಶಕರು ಮಹಿಳಾ ಸಿಬ್ಬಂದಿಗೆ ಹನ್ನೆರಡರ ಬದಲು ಎಂಟು ಗಂಟೆಯ ಪಾಳಿಯನ್ನು ಕೆಲವು ಕಡೆ ಜಾರಿಗೆ ತಂದರು. ಅದೇ ವರ್ಷ ತಮಿಳುನಾಡಿನಲ್ಲಿ ಪೊಲೀಸರಿಗೆ ವಾರದ ರಜೆಯ ಆಜ್ಞೆಯಾಯಿತು. ಹುಟ್ಟಿದ ದಿನಕ್ಕೂ ಮದುವೆಯಾದ ದಿನಕ್ಕೂ ರಜೆ ಕೊಡಬೇಕೆಂದು ಸುತ್ತೋಲೆ ಬಂತು. ನಗಬೇಡಿ, ಮದುವೆಯ ದಿನ ಮನೆಯಲ್ಲಿರುವುದು ಆ ಮನೆಗಳಲ್ಲಿ ಸಣ್ಣ ಮಾತಲ್ಲ.

ಗಡಿ ಸೀಮೆಯ ಸಂಸಾರಕ್ಕೆ ಮಾತ್ರ ತಟ್ಟುವ ಒಂದು ತೊಂದರೆಯನ್ನು ಯಾವ ಆಯೋಗವೂ ನೋಡಿದ್ದನ್ನು ನಾನು ಕಾಣೆ. ಶಿಪಾಯಿಯ ಬದಲಿ ಸಾಮಾನ್ಯವಾಗಿ ಜಿಲ್ಲೆಯೊಳಗೇ ಆಗುತ್ತದೆ, ಅದೇನು ದೂರವಲ್ಲ ಎನ್ನುತ್ತಾರೆ. ಜತ್ತದಿಂದ ಶಿರಾಳಕ್ಕೆ ಹೋದರೂ ಸಾಂಗಲಿ ಜಿಲ್ಲೆಯೇ. ಆದರೆ ಜತ್ತದಲ್ಲಿ ಕನ್ನಡ ಶಾಲೆ ಉಂಟು, ಶಿರಾಳದಲ್ಲಿ ಮರಾಠಿ ಶಾಲೆ. ಮಂಜೇಶ್ವರದ ಠಾಣೆಯಿಂದ ನೀಲೇಶ್ವರಕ್ಕೆ ಹೋದರೂ ಕಾಸರಗೋಡು ಜಿಲ್ಲೆಯೇ, ಮಗು ಮಾತ್ರ ಮಲಯಾಳ ಪಾಠಕ್ಕೆ ಕೂರಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಗಂಡ ಒಂದು ಊರಿನ ಬಾಡಿಗೆ ಖೋಲಿಯಲ್ಲಿ, ಹೆಂಡತಿ ಮಕ್ಕಳು ಅತ್ತೆ ಮಾವನ ಜೊತೆ ಇನ್ನೊಂದು ಊರಿನಲ್ಲಿ. ಎರಡು ಒಲೆಯ ಖರ್ಚು. ಕನ್ನಡ ಬಿಡಬೇಕೋ, ಅಪ್ಪನನ್ನು ಬಿಟ್ಟಿರಬೇಕೋ ಎಂಬ ಆಯ್ಕೆಯನ್ನು ಏಳು ವರ್ಷದ ಕೂಸಿನ ಮುಂದೆ ಇಡುತ್ತೇವೆ. ವರ್ಗಾವಣೆಯ ಅರ್ಜಿಯಲ್ಲಿ ಮಕ್ಕಳ ಶಾಲೆಯ ಮಾಧ್ಯಮವನ್ನು ಬರೆಯಲು ಒಂದು ಸಾಲು ಇದ್ದರೆ ಸರಕಾರಕ್ಕೆ ಒಂದು ಪೈಸೆಯೂ ಖರ್ಚಾಗದು.

ಇನ್ನು ಖಾಕಿ ತೊಟ್ಟ ತಾಯಂದಿರ ವಿಷಯ. ತಿರುವಾಂಕೂರಿನಲ್ಲಿ 1933ರಲ್ಲೇ ಮಹಿಳೆಯರನ್ನು ಪೊಲೀಸಿಗೆ ತೆಗೆದುಕೊಂಡಿದ್ದರು. ದೇಶದ ಮೊದಲ ಮಹಿಳಾ ಠಾಣೆ 1973ರ ಅಕ್ಟೋಬರಿನಲ್ಲಿ ಕೋಯಿಕ್ಕೋಡಿನಲ್ಲಿ ತೆರೆಯಿತು, ಇಂದಿರಾ ಗಾಂಧಿಯವರೇ ಬಂದಿದ್ದರು. ತಮಿಳುನಾಡಿನ ಮೊದಲನೆಯದು 1992ರಲ್ಲಿ. ಠಾಣೆಯ ಕಟ್ಟಡಗಳು ಮಾತ್ರ ಗಂಡಸರಿಗಾಗಿ ಕಟ್ಟಿದವಾಗಿಯೇ ಉಳಿದವು. 2019ರ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬ ಮಹಿಳಾ ಪೊಲೀಸಳಿಗೆ ಠಾಣೆಯಲ್ಲಿ ಪ್ರತ್ಯೇಕ ಶೌಚಾಲಯವಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಝಾನ್ಸಿಯ ಠಾಣೆಯೊಂದರ ಚಿತ್ರ ದೇಶದ ತುಂಬ ಓಡಾಡಿತು. ಮೇಜಿನ ಹಿಂದೆ ತಾಯಿ ಬರೆಯುತ್ತಿದ್ದಾಳೆ, ಮುಂದೆ ಹಲಗೆಯ ಮೇಲೆ ಎಳೆಗೂಸು ಮಲಗಿದೆ. ಜನ ಹೊಗಳಿದರು. ಇಲಾಖೆ ಆಕೆಯನ್ನು ಮನೆಯವರು ಇದ್ದ ಆಗ್ರಾಕ್ಕೆ ವರ್ಗ ಮಾಡಿತು, ಶಿಶುವಿಹಾರದ ಮಾತಾಡಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ ಐವತ್ತು ಮಂದಿ ಕೆಲಸ ಮಾಡುವಲ್ಲಿ ಶಿಶುವಿಹಾರ ಇರಬೇಕೆಂದಿತು. ಆದರೆ ಹತ್ತರಿಂದ ಐದಕ್ಕೆ ತೆರೆಯುವ ಶಿಶುವಿಹಾರ ರಾತ್ರಿ ಪಾಳಿಯ ತಾಯಿಗೆ ಏನು ಮಾಡೀತು? ಆಕೆಗೆ ಬೇಕಾದದ್ದು ಅಜ್ಜಿ. 2024ರ ಆಗಸ್ಟಿನಲ್ಲಿ ತಮಿಳುನಾಡು ಸರಕಾರ ಇದನ್ನು ಗುರುತಿಸಿತೆನ್ನಬೇಕು. ಹೆರಿಗೆ ರಜೆ ಮುಗಿಸಿ ಬಂದ ಮಹಿಳಾ ಪೊಲೀಸರಿಗೆ ಮೂರು ವರ್ಷ ತಮ್ಮ ತಂದೆತಾಯಿ ಇಲ್ಲವೇ ಗಂಡನ ಮನೆಯವರು ಇರುವ ಜಿಲ್ಲೆಯಲ್ಲೇ ಕೆಲಸ ಕೊಡುವುದಾಗಿ ಘೋಷಿಸಿತು. ತವರು ಜಿಲ್ಲೆ ಬೇಡವೆಂದ ಆ ಐರಿಷ್ ಕಟ್ಟಳೆ ಇಲ್ಲಿ ತಿರುವುಮುರುವಾಯಿತು.

ಮನಸ್ಸಿನ ಮಾತೂ ಉಂಟು. ತಾಳವಾಡಿ ಕಡೆಯವರಿಗೆ ನೆನಪಿರುತ್ತದೆ, ವೀರಪ್ಪನ್ ಇದ್ದ ಕಾಲ. 2000ದ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರರನ್ನು ಒಯ್ದದ್ದು, 2004ರ ಅಕ್ಟೋಬರ್ 18ರಂದು ಅವನ ಅಂತ್ಯವಾದದ್ದು. ನಡುವೆ ಎರಡು ರಾಜ್ಯಗಳ ವಿಶೇಷ ಪಡೆಯವರು ತಿಂಗಳುಗಟ್ಟಲೆ ಆ ಕಾಡಿನಲ್ಲಿದ್ದರು. ಅವರ ಕೈಯಲ್ಲಿ ನಮ್ಮ ಗುಡ್ಡಗಾಡಿನ ಜನ ಪಟ್ಟ ಪಾಡನ್ನು ನಾನು ಮರೆತಿಲ್ಲ, ಅದರ ಕತೆಯೇ ಬೇರೆ. ಕಾಡಿನಿಂದ ಮನೆಗೆ ಮರಳಿದವರ ಮನಸ್ಸು ಏನಾಗಿತ್ತೆಂದು ಆಗ ವಿಚಾರಿಸುವ ಏರ್ಪಾಡು ಇರಲಿಲ್ಲ. 2018ರಲ್ಲಿ ತಮಿಳುನಾಡು ಪೊಲೀಸರು ಬೆಂಗಳೂರಿನ ನಿಮ್ಹಾನ್ಸ್ ಜೊತೆ ಸೇರಿ ಒಂದು ಕ್ಷೇಮ ಕಾರ್ಯಕ್ರಮ ಆರಂಭಿಸಿದರು. ಪೊಲೀಸರ ಜೊತೆಗೆ ಅವರ ಮನೆಯವರನ್ನೂ ಕೂರಿಸಿಕೊಂಡು ಕುಡಿತ, ಸಿಟ್ಟು, ನಿದ್ದೆಗೇಡುಗಳ ಬಗ್ಗೆ ಮಾತಾಡುವುದು ಅದರ ಕ್ರಮ. ಹೆಂಡತಿಯನ್ನು ಜೊತೆಗೆ ಕರೆದದ್ದೇ ಅದರಲ್ಲಿನ ಹೊಸತನ.

ಹೆಂಡತಿಯರು ತಾವಾಗಿ ಬಂದದ್ದೂ ಉಂಟು. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುವ ಕರೆ ಕೊಟ್ಟಿದ್ದರು. ಮುಂದಾಳುವಿನ ಬಂಧನವಾಗಿ ಅದು ನಡೆಯಲಿಲ್ಲ. ವೇತನ ಪರಿಷ್ಕರಣೆಗೆ ಔರಾದ್ಕರ್ ಸಮಿತಿ ಬಂದದ್ದು ಆ ಗದ್ದಲದ ನಂತರ. ತೆಲಂಗಾಣದಲ್ಲಿ ನಡೆದದ್ದು ಇನ್ನೂ ಬೇರೆ ರೀತಿ. 2024ರ ಅಕ್ಟೋಬರಿನಲ್ಲಿ ಅಲ್ಲಿನ ವಿಶೇಷ ಪೊಲೀಸ್ ದಳದವರ ರಜೆಯ ಸರದಿಯನ್ನು ಬದಲಾಯಿಸಿದ ಆಜ್ಞೆ ಹೊರಟಿತು. ಗಂಡ ಮನೆಗೆ ಬರುವ ದಿನಗಳು ಇನ್ನೂ ದೂರವಾದವು. ಕಾನೂನು ಕಟ್ಟಿಹಾಕಿದ್ದು ಗಂಡಂದಿರನ್ನು, ಹೆಂಡತಿಯರನ್ನಲ್ಲ. ಅವರು ಕಂಕುಳಲ್ಲಿ ಕೂಸು ಎತ್ತಿಕೊಂಡು ಡಿಚ್‌ಪಲ್ಲಿ, ವರಂಗಲ್, ನಲಗೊಂಡಗಳಲ್ಲಿ ದಳದ ಬಾಗಿಲಿಗೆ, ರಸ್ತೆಗೆ ಬಂದು ಕೂತರು. ರಾಜ್ಯಕ್ಕೆಲ್ಲ ಒಂದೇ ಪೊಲೀಸ್ ವ್ಯವಸ್ಥೆ ಇರಲಿ, ನಮ್ಮವರಿಗೂ ಒಂದೇ ಕಡೆ ಕೆಲಸ ಕೊಡಿ ಎಂದು ಕೇಳಿದರು. ಅವರನ್ನು ಎಬ್ಬಿಸಲು ಬಂದವರೂ ಪೊಲೀಸರೇ. ಸರಕಾರ ಆ ರಜೆಯ ಆಜ್ಞೆಯನ್ನು ತಡೆಹಿಡಿಯಿತು. ಅದೇ ವಾರ 39 ಮಂದಿ ಸಿಬ್ಬಂದಿಯನ್ನು ಅಮಾನತು ಮಾಡಿ, 10 ಮಂದಿಯನ್ನು ಕೆಲಸದಿಂದ ತೆಗೆದುಹಾಕಿತು.